ಯಾರೂ ಕೂಗಲಿಲ್ಲ

ನಮ್ಮ ಆಸ್ಪತ್ರೆಯಲ್ಲಿ ಹಳೆಯ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಕಿತ್ತುಹಾಕುವ ಮೊದಲು ಕೂಗುಪರೀಕ್ಷೆ ಎಂಬುದೊಂದು ನಡೆಯುತ್ತಿತ್ತು. ಹೆಸರು ಕೇಳಿ ಯಾರನ್ನೋ ಹಿಂಸಿಸುತ್ತಾರೆ ಎಂದುಕೊಳ್ಳಬೇಡಿ. ಬಹಳ ಸಾಧುವಾದ ಕೆಲಸ ಅದು. ಇದನ್ನು ಯಾರಾದರೂ ಬಳಸುತ್ತಿದ್ದೀರಾ ಎಂದು ಎಲ್ಲ ವಿಭಾಗಗಳನ್ನೂ ಕೇಳುವುದು. ಉತ್ತರ ಬಾರದಿದ್ದರೆ ಒಂದು ಬೆಳಿಗ್ಗೆ ಅದನ್ನು ಮೆಲ್ಲಗೆ ಆರಿಸಿ ಕಾಯುವುದು. ಬೇಕಿದ್ದವರು ಕೂಗಿಯೇ ಕೂಗುತ್ತಾರೆ. ಕೂಗಿದರೆ ತಪ್ಪಾಯಿತೆಂದು ಹೇಳಿ ಮತ್ತೆ ಹಚ್ಚುವುದು. ಒಂದು ತಿಂಗಳು ಯಾರೂ ಕೂಗದಿದ್ದರೆ, ಅದರ ಪ್ರಾಣ ಹೋಗಿ ಎಷ್ಟೋ ಕಾಲವಾಗಿತ್ತು, ನಾವೀಗ ಹೊರಗೆ ಸಾಗಿಸುತ್ತಿದ್ದೇವೆ ಅಷ್ಟೆ ಎಂದುಕೊಂಡು ಕೀಳುವುದು.

ಇದನ್ನು ನಮ್ಮಲ್ಲಿಗೆ ತಂದವರು ಆವುಡೈಯಪ್ಪನ್. ಪಾಳಯಂಕೋಟೆಯ ಆ ಧರ್ಮಾಸ್ಪತ್ರೆಗೂ ತೆಂಕಾಸಿ, ತೂತ್ತುಕುಡಿ ಕಡೆಯ ಅದರ ಶಾಖೆಗಳಿಗೂ ಅವರೇ ಮುಖ್ಯ ಆರ್ಕಿಟೆಕ್ಟ್. ಕಲ್ಲುಗಾರೆಯ ಆರ್ಕಿಟೆಕ್ಟ್ ಅಲ್ಲ. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಯಾವ ಕೆಲಸವನ್ನು ಯಾವ ಯಂತ್ರ ಮಾಡುತ್ತದೆ, ಯಾವ ಮಾಹಿತಿ ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆ, ಯಾವುದು ಬಿದ್ದರೆ ಜೊತೆಗೆ ಯಾವುದು ಬೀಳುತ್ತದೆ ಎಂಬುದರ ನಕ್ಷೆ ಬರೆಯುವವರು. ಈಗ ಹೇಗಿದೆ ಎಂಬುದಕ್ಕೊಂದು ನಕ್ಷೆ, ಮುಂದೆ ಹೇಗಿರಬೇಕು ಎಂಬುದಕ್ಕೊಂದು, ಎರಡರ ನಡುವಿನ ದಾರಿಗೆ ಮತ್ತೊಂದು. ನಾನು ಅವರ ಕಚೇರಿಯಲ್ಲಿ ಕೂತು ಆ ನಕ್ಷೆಗಳಿಗೆ ಗೆರೆ ಎಳೆಯುತ್ತಿದ್ದೆ.

ಮುಕ್ಕೂಡಲಿನಲ್ಲಿ ಅವರ ಅಕ್ಕ ಪೇಚ್ಚಿಯಮ್ಮಾಳ್ ಇದ್ದ ಬೀದಿಯವರಿಗೆ ಈ ಉದ್ಯೋಗ ಎಂದೂ ತಲೆಗೆ ಹತ್ತಲಿಲ್ಲ.

"ಏನು ಪೇಚ್ಚಿ, ನಿನ್ನ ತಮ್ಮ ಪ್ಲಾನ್ ಹಾಕೋ ದೊಡ್ಡ ಆಫೀಸರಂತಲ್ಲ. ನಮ್ಮ ದನದ ಕೊಟ್ಟಿಗೆಗೂ ಒಂದು ಹಾಕ್ಕೊಡ್ತಾನಾ?" ಎಂದು ಎದುರು ಮನೆಯವನು ಕೆಣಕುತ್ತಿದ್ದ.

ಮೊರದಲ್ಲಿ ಬೀಡಿ ಎಲೆ ಇಟ್ಟುಕೊಂಡು ಕತ್ತರಿಸುತ್ತಿದ್ದ ಪೇಚ್ಚಿಯಮ್ಮಾಳ್ ತಲೆ ಎತ್ತುತ್ತಿರಲಿಲ್ಲ. "ನಿನ್ನ ದನ ಮೊದ್ಲು ಮನೆಗೆ ಬಂದು ಕಟ್ಟಿಸ್ಕೊಳ್ಳೋದು ಕಲೀಲಿ. ಆಮೇಲೆ ಹಾಕಿಸ್ತೀನಿ."

ಆವುಡೈಯಪ್ಪನ್ ಕಚೇರಿಗೆ ಬಂದರೆ ಮೊದಲು ಆ ಸೀಮೆಯ ಶಿವ ನೆಲ್ಲೈಯಪ್ಪರ ಪಟಕ್ಕೆ ಕೈಮುಗಿಯುತ್ತಿದ್ದರು. ಆಮೇಲೆ ಗೋಡೆಯ ಕಡೆ ತಿರುಗುತ್ತಿದ್ದರು. ಗೋಡೆಯ ಮೇಲೆ ಸಂಸ್ಥೆಯ ತತ್ತ್ವಗಳಿದ್ದವು. ವಿಭಾಗದ ಅನುಕೂಲಕ್ಕಿಂತ ಇಡೀ ಆಸ್ಪತ್ರೆಯ ಹಿತ ಮೊದಲು ಎಂಬುದು ಒಂದು. ಒಂದು ಸಂಗತಿಗೆ ಒಂದೇ ಮನೆ ಎಂಬುದು ಇನ್ನೊಂದು. ರೋಗಿಯ ಹೆಸರಾಗಲಿ, ರಕ್ತದ ಗುಂಪಾಗಲಿ ಒಂದೇ ಕಡೆ ವಾಸವಾಗಿರಬೇಕು, ಬೇಕಾದವರು ಅಲ್ಲಿಗೆ ಹೋಗಿ ಕೇಳಬೇಕು. ಇವೆಲ್ಲ ಅವರು ಪುಸ್ತಕ ಓದಿ ಬರೆದವಲ್ಲ. ಹಿಂದೊಮ್ಮೆ ಔಷಧಿ ಕೊಡುವ ಕಿಟಕಿಯಲ್ಲಿ ಒಬ್ಬಳು ಹೆಂಗಸಿಗೆ ಮೈಗಾಗದ ಮಾತ್ರೆ ಕೊಟ್ಟುಬಿಟ್ಟಿದ್ದರು. ಆಗದು ಎಂದು ವಾರ್ಡಿನ ಯಂತ್ರಕ್ಕೆ ಗೊತ್ತಿತ್ತು, ಕಿಟಕಿಯ ಯಂತ್ರಕ್ಕೆ ಗೊತ್ತಿರಲಿಲ್ಲ. ಅವಳು ಬದುಕಿಕೊಂಡಳು. ಆದರೆ ಅವಳ ಊದಿದ ಮುಖ ನೋಡಿ ಬಂದ ದಿನವೇ ಆವುಡೈಯಪ್ಪನ್ ಆ ಎರಡನೆಯ ತತ್ತ್ವ ಬರೆದರು.

"ಒಂದು ಕೆಲಸಕ್ಕೆ ಒಂದೇ ಯಂತ್ರ" ಎಂಬುದು ಗೋಡೆಗೆ ಈಚೆಗೆ ಬಂದದ್ದು. ಪ್ರತಿ ತತ್ತ್ವದ ಕೆಳಗೂ ಅದಕ್ಕೆ ಕಾರಣವೇನು, ಅದರಿಂದ ಯಾರಿಗೆ ಏನು ಕಷ್ಟವಾದೀತು ಎಂದು ಬರೆಯುವುದು ಅವರ ನಿಯಮ. ಇದರ ಕೆಳಗೆ ಕಾರಣವನ್ನು ಉದ್ದಕ್ಕೆ ಬರೆದಿದ್ದರು. ಕಷ್ಟದ ಜಾಗದಲ್ಲಿ "ಸಿಬ್ಬಂದಿಗೆ ಹೊಸದನ್ನು ಕಲಿಯುವ ಶ್ರಮ" ಎಂದಷ್ಟೇ ಇತ್ತು.

ಈಗ ಅಕ್ಕನ ವಿಷಯ ಹೇಳುತ್ತೇನೆ.

ಆವುಡೈಯಪ್ಪನ್ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಪೇಚ್ಚಿಯಮ್ಮಾಳ್ ಶಾಲೆಯ ಮೆಟ್ಟಿಲು ಹತ್ತಿದವಳು ಅಲ್ಲಿಂದಲೇ ಇಳಿದು ಬಂದು ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡಳು. ಆಮೇಲೆ ಅವಳಿಗೆ ಅಕ್ಷರ ಕೂಡಿಬರಲೇ ಇಲ್ಲ. ಬೀಡಿ ಸುತ್ತಿ ಅವನನ್ನು ಓದಿಸಿದಳು. ಅವಳು ಸುತ್ತುತ್ತಿದ್ದರೆ ಇವನು ಪಕ್ಕದಲ್ಲಿ ಕೂತು ಪಾಠವನ್ನು ಗಟ್ಟಿಯಾಗಿ ಓದಬೇಕು. "ಜೋರಾಗಿ ಓದೋ ತಂಬಿ, ನೀನು ಸುಮ್ನಾದ್ರೆ ನಂಗೆ ತೂಕಡಿಕೆ ಬರುತ್ತೆ" ಅನ್ನುತ್ತಿದ್ದಳಂತೆ. ಇವನು ಓದಿದ್ದೆಲ್ಲ ಅವಳ ಕಿವಿಯ ಮೇಲೆ ಬಿತ್ತು. ಚೋಳರ ಕೆರೆಗಳೂ ಗೊತ್ತು, ಗ್ರಹಣ ಯಾಕೆ ಹಿಡಿಯುತ್ತದೆ ಎಂಬುದೂ ಗೊತ್ತು. ಬಸ್ಸಿನ ಮೇಲೆ ಬರೆದ ಊರಿನ ಹೆಸರು ಮಾತ್ರ ಗೊತ್ತಾಗುತ್ತಿರಲಿಲ್ಲ. ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ಅದೇ ಬೀದಿಗೆ ಮರಳಿದಳು. ತಮ್ಮ ಪಾಳಯಂಕೋಟೆಗೆ ಬಾ ಎಂದು ಕರೆದ. "ನಿಮ್ಮೂರಲ್ಲಿ ಬಾಗಿಲು ಹಾಕ್ಕೊಂಡು ಕೂರ್ತೀರಪ್ಪ, ನಂಗೆ ಉಸಿರು ಕಟ್ಟುತ್ತೆ" ಎಂದು ಬರಲಿಲ್ಲ.

ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅವಳ ಹೃದಯದ ಕವಾಟವನ್ನು ಹಾಳುಮಾಡಿತ್ತು. ವಯಸ್ಸಾದ ಮೇಲೆ ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಮಾಡಿ ಲೋಹದ ಕವಾಟ ಕೂರಿಸಿದರು. ಸದ್ದಿಲ್ಲದ ಹೊತ್ತಿನಲ್ಲಿ ಅದು ಟಿಕ್ ಟಿಕ್ ಅನ್ನುವುದು ಪಕ್ಕದಲ್ಲಿದ್ದವರಿಗೂ ಕೇಳುತ್ತಿತ್ತು. ಪಕ್ಕದ ಮನೆಯ ಚೆಲ್ಲಕ್ಕನಿ, ಅವಳ ಜೊತೆ ಬೀಡಿ ಸುತ್ತುವವಳು, "ಆಚ್ಚಿ, ನೀವಿದ್ರೆ ಮನೇಲಿ ಗಡಿಯಾರ ಬೇಡ, ಬಿಡಿ" ಎಂದು ನಗುತ್ತಿದ್ದಳು.

ಲೋಹದ ಕವಾಟ ಇಟ್ಟುಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕು. ಹೆಚ್ಚಾದರೆ ರಕ್ತ ಸೋರುತ್ತದೆ, ಕಡಿಮೆಯಾದರೆ ಹೆಪ್ಪುಗಟ್ಟಿ ತಲೆಗೆ ಏರುತ್ತದೆ. ಅದಕ್ಕೇ ಆಗಾಗ ರಕ್ತ ಕೊಟ್ಟು ಬರಬೇಕು. ಫಲಿತಾಂಶ ನೋಡಿ ಡಾಕ್ಟರು ಮಾತ್ರೆಯನ್ನು ಏರಿಸುತ್ತಾರೆ, ಇಳಿಸುತ್ತಾರೆ. ಇಂದಿನಿಂದ ಎಷ್ಟು ನುಂಗಬೇಕು, ಮತ್ತೆ ಎಂದು ಬರಬೇಕು ಎಂಬುದನ್ನು ರೋಗಿಗಳಿಗೆ ತಿಳಿಸುತ್ತಿದ್ದುದು ಒಂದು ಹಳೆಯ ಫೋನ್ ಯಂತ್ರ. ಹೃದಯ ವಿಭಾಗದ ನರ್ಸ್ ಜೆಬಮಣಿ ವಯಸ್ಸಿನಲ್ಲಿ ಚಿಕ್ಕವಳಿದ್ದಾಗ ಆ ಮಾತುಗಳನ್ನು ಹೇಳಿ ಧ್ವನಿ ಹಿಡಿಸಿದ್ದಳು. ಯಂತ್ರ ಆ ತುಂಡುಗಳನ್ನು ಜೋಡಿಸಿ ಪ್ರತಿಯೊಬ್ಬರಿಗೂ ಫೋನು ಮಾಡುತ್ತಿತ್ತು.

ಪೇಚ್ಚಿಯಮ್ಮಾಳ್ ಆ ಧ್ವನಿಗೆ ಉತ್ತರ ಕೊಡುತ್ತಿದ್ದಳು. "ಆಯ್ತು ತಾಯಿ. ಊಟ ಆಯ್ತಾ ನಿಂದು?"

"ಆಚ್ಚಿ, ಅದು ಮಿಷಿನ್ನು" ಎಂದಳು ಚೆಲ್ಲಕ್ಕನಿ ಒಮ್ಮೆ.

"ಗೊತ್ತು ಕಣೇ. ಅಷ್ಟು ಚೆನ್ನಾಗಿ ಮಾತಾಡಿಸ್ತಾಳೆ, ಸುಮ್ನೆ ಇಟ್ಟುಬಿಡೋಕಾಗುತ್ತಾ?"

ಅವಳ ಜೀವ ಆ ಧ್ವನಿಯನ್ನು ಹಿಡಿದುಕೊಂಡು ನಿಂತಿತ್ತು. ಇದು ಅವಳಿಗೆ ಗೊತ್ತಿತ್ತು. ತಮ್ಮನಿಗೆ ಗೊತ್ತಿರಲಿಲ್ಲ. ಯಾಕೆಂದರೆ ಮಾತ್ರೆಯ ಸೂಚನೆಗಳನ್ನು ಈಗ ಹೊಸ ಯಂತ್ರವೊಂದು ಕಳಿಸಲು ಶುರುಮಾಡಿತ್ತು. ಇಡೀ ಆಸ್ಪತ್ರೆಯ ಎಲ್ಲ ರೋಗಿಗಳಿಗೂ, ಎಲ್ಲ ವಿಷಯಕ್ಕೂ ಅದೊಂದೇ. ಮೊಬೈಲಿಗೆ ಅಚ್ಚ ತಮಿಳಿನಲ್ಲಿ, ದೊಡ್ಡ ಅಕ್ಷರದಲ್ಲಿ ಸಂದೇಶ ಬರುತ್ತಿತ್ತು. ಹೃದಯ ವಿಭಾಗದ ರೋಗಿಗಳಿಗೆ ಎರಡೂ ಕಡೆಯಿಂದ ಹೋಗುತ್ತಿತ್ತು. ನಕ್ಷೆಯಲ್ಲಿ ಒಂದೇ ರೋಗಿಗೆ ಎರಡು ಬಾಣ. ಎರಡು ಬಾಣ ಕಂಡರೆ ನಮ್ಮಂಥವರಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಪರಿಶೀಲನಾ ಸಭೆ ಸೇರಿತು. ಯಾವ ವ್ಯವಸ್ಥೆ ಬರಬೇಕು, ಯಾವುದು ಹೋಗಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನ. ಹಿರಿಯ ವೈದ್ಯ ಕುತ್ತಾಲಿಂಗಂ ಅಧ್ಯಕ್ಷರು. ಆವುಡೈಯಪ್ಪನ್ ಎದ್ದು ನಿಂತು, ಒಂದು ಕೆಲಸವನ್ನು ಎರಡು ಯಂತ್ರ ಮಾಡಿದರೆ ಒಂದು ದಿನ ಎರಡೂ ಬೇರೆ ಬೇರೆ ಮಾತ್ರೆ ಹೇಳಿಯಾವು, ರೋಗಿ ಯಾವುದನ್ನು ನಂಬಬೇಕು ಎಂದು ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ಇವತ್ತಿಗೂ ಅದರಲ್ಲಿ ತಪ್ಪು ತೋರಿಸಲು ನನಗೆ ಬಾರದು.

ಜೆಬಮಣಿಯನ್ನೂ ಕರೆಸಿದ್ದರು. ಅವಳು ನಗುತ್ತಲೇ ಬಂದಳು. "ನಂಗಿಂತ ಮೊದ್ಲು ನನ್ನ ಗಂಟಲಿಗೆ ರಿಟೈರ್‌ಮೆಂಟ್ ಕೊಡ್ತಿದ್ದೀರಾ ಸಾರ್? ಹಾರ ತುರಾಯಿ ಇದೆಯಾ?"

"ಇದೆ ಸಿಸ್ಟರ್" ಎಂದಳು ಇಸಕ್ಕಿ. ಆವುಡೈಯಪ್ಪನ್ನರ ಕೈಕೆಳಗಿನ ಹುಡುಗಿ, ಬಾಯಿ ಚುರುಕು. "ಜೊತೆಗೆ ಹಲ್ವಾನೂ ಇದೆ. ಆದ್ರೆ ಮೊದ್ಲು ಯಾರೂ ಕೂಗಬಾರ್ದು."

"ನಮ್ಮೋರು ಕೂಗದೆ ಇರ್ತಾರಾ? ಊಟದ ತಟ್ಟೆ ಸ್ವಲ್ಪ ತಡವಾದ್ರೆ ವಾರ್ಡೇ ಎದ್ದು ನಿಲ್ಲುತ್ತೆ" ಎಂದರು ಕುತ್ತಾಲಿಂಗಂ. ಎಲ್ಲರೂ ನಕ್ಕರು.

ಮರುವಾರ ಯಂತ್ರವನ್ನು ಆರಿಸಿದರು. ಮೊದಲೆರಡು ದಿನ ಇಸಕ್ಕಿ ಸಹಾಯವಾಣಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಯಾರೂ ಕೂಗಲಿಲ್ಲ. ಹೊಸ ಯಂತ್ರದ ವರದಿಯಲ್ಲಿ ಪ್ರತಿ ಹೆಸರಿನ ಮುಂದೆಯೂ "ತಲುಪಿದೆ" ಎಂದು ಹಸಿರು ಗುರುತು. ಆವುಡೈಯಪ್ಪನ್ ಆ ಹಸಿರನ್ನು ನೋಡಿ, ಮಳೆ ಬಂದ ಗದ್ದೆ ನೋಡಿದವರ ಹಾಗೆ ಕನ್ನಡಕ ತೆಗೆದು ಒರೆಸಿಕೊಂಡರು.

ನೆಲ್ಲೈಯಪ್ಪರ ಸನ್ನಿಧಿಯಲ್ಲಿ ನಿಂತು ನಾನು ಜನರನ್ನು ನೋಡುವುದುಂಟು. ಕೆಲವರು ಕೈಯೆತ್ತಿ, ಕೂಗಿ ಕರೆದು, ನೀನು ನನಗೆ ಹೀಗೆ ಮಾಡಬಹುದೇ ಎಂದು ಜಗಳ ಕಾಯುತ್ತಾರೆ. ಕೆಲವರು ಕಂಬದ ಮರೆಗೆ ನಿಂತು, ತುಟಿಯನ್ನೂ ಅಲುಗಿಸದೆ, ವಿಭೂತಿ ಹಚ್ಚಿಕೊಂಡು ಹೊರಟುಹೋಗುತ್ತಾರೆ. ಆ ಎರಡನೆಯವರ ಕಷ್ಟವೂ ಅವನಿಗೆ ತಿಳಿಯುತ್ತದೆ ಎಂದು ನಾವು ನಂಬಿದ್ದೇವೆ. ಅವನು ಶಿವ, ಅವನಿಗೆ ಸಾಧ್ಯ. ಮನುಷ್ಯರು ಬರೆದ ನಕ್ಷೆಗೆ ಅದು ಎಲ್ಲಿಂದ ಬರಬೇಕು?

ಮುಕ್ಕೂಡಲಿನಲ್ಲಿ ಏನಾಯಿತು ಎಂಬುದನ್ನು ಚೆಲ್ಲಕ್ಕನಿ ಆಮೇಲೆ ಹೇಳಿದಳು. ಧ್ವನಿ ನಿಲ್ಲುವುದಕ್ಕೆ ಸ್ವಲ್ಪ ಮೊದಲು ಪೇಚ್ಚಿಯಮ್ಮಾಳ ರಕ್ತ ತೀರ ತೆಳುವಾಗಿತ್ತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಹಾಗಾಗಿ ಕೊನೆಯ ಫೋನಿನಲ್ಲಿ ಜೆಬಮಣಿಯ ಧ್ವನಿ, ಅರ್ಧ ಮಾತ್ರೆ ನುಂಗಿ, ಮುಂದಿನ ಪರೀಕ್ಷೆಯ ದಿನವನ್ನು ತಿಳಿಸುತ್ತೇವೆ ಎಂದಿತ್ತು. ಪೇಚ್ಚಿಯಮ್ಮಾಳ್ ಅರ್ಧ ನುಂಗಿದಳು. ದಿನ ತಿಳಿಸುವ ಫೋನು ಬರಲಿಲ್ಲ. ಆಗಾಗ ಮೊಬೈಲು ಕುಯ್ ಅನ್ನುತ್ತಿತ್ತು. ಯಾವುದೋ ಕಂಪನಿಯವರು ಸೀರೆ ಮಾರುವುದಕ್ಕೆ ಹಾಗೆ ಕುಯ್ ಅನ್ನಿಸುತ್ತಾರೆ ಎಂದು ಅವಳು ಬಲ್ಲಳು. ಅವಳು ಕಾದಳು. ಅರ್ಧವನ್ನೇ ನುಂಗುತ್ತ ಕಾದಳು.

"ಆಚ್ಚಿ, ನಿಮ್ಮ ಜೆಬಮಣಿ ಅಮ್ಮ ಫೋನೇ ಮಾಡ್ಲಿಲ್ವಲ್ಲ ಈ ಸಲ" ಎಂದು ಚೆಲ್ಲಕ್ಕನಿ ಕೇಳಿದಳಂತೆ. "ಅಣ್ಣಾಚಿಗೆ ಒಂದು ಮಾತು ಹೇಳ್ಬಾರ್ದಾ?"

"ಸುಮ್ನಿರೇ. ಅವನು ಅದೇ ಆಫೀಸಲ್ಲಿರೋದು. ಅವನ ಅಕ್ಕನೇ ದೂರು ಹೇಳಿದ್ಲು ಅಂದ್ರೆ ನಾಲ್ಕು ಜನ ಏನಂತಾರೆ? ಬಿಟ್ಟಿ ಆಪರೇಷನ್ ಮಾಡಿ ಕಳ್ಸಿದ್ದಾರೆ ಪುಣ್ಯಾತ್ಮರು. ನಂಗಿಂತ ಜೋರಾಗಿರೋ ರೋಗಿಗಳು ಎಷ್ಟು ಜನ ಇರ್ತಾರೋ. ಬಿಡುವಾದಾಗ ಕರೀತಾರೆ."

ಶುಕ್ರವಾರ ದೇವಸ್ಥಾನದಿಂದ ಬಂದ ಮೇಲೆ ಆವುಡೈಯಪ್ಪನ್ ಅಕ್ಕನಿಗೆ ಫೋನು ಮಾಡುವುದು ವಾಡಿಕೆ. ಒಂದು ಶುಕ್ರವಾರ ನಾನು ಪಕ್ಕದಲ್ಲೇ ಇದ್ದೆ. ಧ್ವನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟಿದ್ದರು.

"ಅಕ್ಕಾ, ಮಾತ್ರೆ ತಗೊತಿದ್ದೀಯಾ ಸರಿಯಾಗಿ?"

"ತಗೊತಿದ್ದೀನಿ ತಂಬಿ. ನಿಮ್ಮ ಆಸ್ಪತ್ರೆಯೋರು ಹೇಳಿದ ಹಾಗೇ, ಒಂದಿನಾನೂ ತಪ್ಪಿಸಿಲ್ಲ."

"ಅಷ್ಟು ಮಾಡು ಸಾಕು."

"ಆಸ್ಪತ್ರೇಲಿ ಕೆಲ್ಸ ಜಾಸ್ತಿನಾ?"

"ಅಯ್ಯೋ, ಕೇಳ್ಬೇಡ. ಯಾರಿಗೂ ಉಸಿರಾಡೋಕೆ ಪುರುಸೊತ್ತಿಲ್ಲ."

"ಹೌದಪ್ಪ, ಪಾಪ. ನಾನೂ ಹಾಗೇ ಅಂದ್ಕೊಂಡೆ." ಮಾತು ಬದಲಿಸಿ, "ಆಡಿ ಮಾಸದ ಗಂಜಿ ಕಾಯಿಸ್ತಿದ್ದಾರೆ ಅಮ್ಮನ ಗುಡಿಲಿ. ಬರ್ತೀಯಾ?" ಎಂದಳು.

"ಮುಂದಿನ ವಾರ ನೋಡ್ತೀನಿ ಅಕ್ಕಾ."

ಮುಂದಿನ ವಾರ ಬರುವ ಮೊದಲೇ ಒಂದು ಬೆಳಿಗ್ಗೆ ಪೇಚ್ಚಿಯಮ್ಮಾಳ ಕೈಯಿಂದ ಕತ್ತರಿ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೆಯೇ ವಾಲಿದಳು. ಚೆಲ್ಲಕ್ಕನಿ ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಕರೆತಂದಳು. ಕವಾಟದ ಮೇಲೆ ಕಟ್ಟಿದ ಹೆಪ್ಪು ತಲೆಗೆ ಏರಿತ್ತು. ಬಲಗೈ, ಬಲಗಾಲು ಹೋಗಿದ್ದವು, ಮಾತೂ ಹೋಗಿತ್ತು.

ಆವುಡೈಯಪ್ಪನ್ ಸಭೆಯಿಂದ ಎದ್ದು ಓಡಿ ಬಂದರು. ಅಕ್ಕ ಅವರನ್ನು ಗುರುತು ಹಿಡಿದಳು. ಎಡಗೈಯಿಂದ ಅವರ ಅಂಗಿಯ ಗುಂಡಿಯನ್ನು ಹಿಡಿದುಕೊಂಡಳು. ಚಿಕ್ಕ ಮಕ್ಕಳಿಗೆ ಗುಂಡಿ ಹಾಕುವವರ ಹಾಗೆ ಅದನ್ನು ತಿರುವುತ್ತಿದ್ದಳು.

ಜೆಬಮಣಿ ರಕ್ತದ ಫಲಿತಾಂಶ ಹಿಡಿದುಕೊಂಡು ಬಂದು ನಿಂತಳು. "ಸಾರ್, ಇಷ್ಟು ಗಟ್ಟಿಯಾಗೋಕೆ ಹೇಗೆ ಸಾಧ್ಯ? ಡಾಕ್ಟ್ರು ಎರಡು ಸಲ ರಕ್ತ ಕೊಡೋಕೆ ಬರ್ಹೇಳಿದ್ದಾರೆ. ಸಂದೇಶ ಹೋಗಿದೆ, ತಲುಪಿದೆ ಅಂತಾನೂ ಇದೆ. ಅಮ್ಮ ಯಾಕೆ ಬರ್ಲಿಲ್ಲ?"

ಚೆಲ್ಲಕ್ಕನಿ ಗೋಡೆಗೆ ಒರಗಿ ನಿಂತಿದ್ದಳು. ಕೈಯಲ್ಲಿ ಇನ್ನೂ ಹೊಗೆಸೊಪ್ಪಿನ ವಾಸನೆ. "ಯಾರ್ ಕರೆದ್ರು ಅಮ್ಮಾ ಬರೋಕೆ?" ಎಂದಳು. "ಫೋನೇ ಬರ್ಲಿಲ್ಲ. ಆಚ್ಚಿ ದಿನಾ ಕಾಯ್ತಿದ್ರು. ಸ್ನಾನಕ್ಕೆ ಹೋಗುವಾಗ್ಲೂ ಫೋನು ನನ್ನ ಕೈಲಿ ಕೊಟ್ಟು ಹೋಗೋರು."

"ಫೋನಲ್ಲ, ಮೆಸೇಜು. ಮೆಸೇಜು ಬಂದಿತ್ತಲ್ಲ?"

"ಆಚ್ಚಿಗೆಲ್ಲಿ ಓದೋಕೆ ಬರುತ್ತೆ?"

ಜೆಬಮಣಿ ಆವುಡೈಯಪ್ಪನ್ನರ ಮುಖ ನೋಡಿದಳು. ಅವರು ಯಾರನ್ನೂ ನೋಡಲಿಲ್ಲ.

ಒಂದು ಸಂಗತಿಗೆ ಒಂದೇ ಮನೆ ಎಂದು ಗೋಡೆಯ ಮೇಲೆ ಬರೆದಿದ್ದೆವು. ರೋಗಿಯ ಹೆಸರಿಗೆ ಮನೆಯಿತ್ತು, ವಯಸ್ಸಿಗೆ, ರಕ್ತಕ್ಕೆ, ಬೀದಿಗೆ, ಮೈಗಾಗದ ಔಷಧಿಗೆ ಮನೆಯಿತ್ತು. ಓದಲು ಬರುತ್ತದೆಯೇ ಎಂಬ ಸಂಗತಿಗೆ ನಾವು ಎಲ್ಲಿಯೂ ಮನೆ ಕಟ್ಟಿರಲಿಲ್ಲ. ಎಲ್ಲರಿಗೂ ಮಾತಾಡಿಯೇ ಹೇಳುತ್ತಿದ್ದ ಹಳೆಯ ಯಂತ್ರಕ್ಕೆ ಅದನ್ನು ಕೇಳುವ ಅಗತ್ಯವೇ ಇರಲಿಲ್ಲ. ಹೊಸದಕ್ಕೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇಡೀ ಸಂಸ್ಥೆಯಲ್ಲಿ ಪೇಚ್ಚಿಯಮ್ಮಾಳಿಗೆ ಅಕ್ಷರ ಬಾರದು ಎಂಬುದು ಗೊತ್ತಿದ್ದವರು ಒಬ್ಬರೇ. ಅವಳ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ ಬೆಳೆದವರು.

ಅವರಿಗೆ ಹಾಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವರು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಅಕ್ಕನ ಕಿವಿಯ ಹತ್ತಿರ ಬಗ್ಗಿ, "ಅಕ್ಕಾ, ಒಂದು ಮಾತು ಬೈಯಬಾರ್ದಿತ್ತಾ ನಂಗೆ? ಒಂದೇ ಒಂದು ಮಾತು" ಎಂದರು.

ಅಕ್ಕ ಗುಂಡಿ ತಿರುವುತ್ತಿದ್ದಳು.

ಅವಳು ಬದುಕಿಕೊಳ್ಳಬಹುದು ಎಂದು ಮೊದಲು ಡಾಕ್ಟರು ಅಂದರು. ನಾವೂ ಹಾಗೇ ಬೇಡಿಕೊಂಡೆವು. ಇಸಕ್ಕಿ ತನ್ನ ಊರಿನ ದೇವತೆ ಇಸಕ್ಕಿಯಮ್ಮನಿಗೆ ಮಣ್ಣಿನ ಬೊಂಬೆ ಕೊಡುವ ಹರಕೆ ಹೊತ್ತಳು. ಜೆಬಮಣಿ ದಿನವೂ ಬೆಳಿಗ್ಗೆ ಅವಳ ತಲೆ ಬಾಚಿ, ಬೈಬಲ್ಲಿನಿಂದ ಎರಡು ಸಾಲು ಹೇಳಿ, "ಸರೀನಾ ಅಮ್ಮಾ?" ಎನ್ನುತ್ತಿದ್ದಳು. ಜೆಬಮಣಿಯ ಧ್ವನಿ ಕೇಳಿದಾಗಲೆಲ್ಲ ಪೇಚ್ಚಿಯಮ್ಮಾಳ ತುಟಿ ಅಲುಗುತ್ತಿತ್ತು. ಊಟ ಆಯಿತಾ ಅಂತ ಕೇಳುತ್ತಿದ್ದಾಳೆ ಎಂದು ಚೆಲ್ಲಕ್ಕನಿ ಅರ್ಥ ಹೇಳಿದಳು. ಜೆಬಮಣಿ ಹೊರಗೆ ಹೋಗಿ ಅತ್ತು ಬಂದಳು.

ಆ ನಡುವೆಯೇ ಪರಿಶೀಲನಾ ಸಭೆಯ ದಿನ ಬಂತು. ಹಳೆಯ ಫೋನ್ ಯಂತ್ರದ ಮೌನದ ತಿಂಗಳು ಮುಗಿದಿತ್ತು. ಯಾರೂ ಕೂಗಿಲ್ಲವಾದ್ದರಿಂದ ಶಾಶ್ವತವಾಗಿ ಕೀಳಲು ಅನುಮತಿ ಕೊಡಬೇಕು ಎಂಬ ವಿಷಯ ಅಂದಿನ ಕಾರ್ಯಸೂಚಿಯಲ್ಲಿತ್ತು. ಕೋರಿಕೆಯ ಕೆಳಗೆ ಆವುಡೈಯಪ್ಪನ್ನರದೇ ಹೆಸರು.

ಕುತ್ತಾಲಿಂಗಂ ಕನಿಕರದಿಂದ, "ಇದು ಮುಂದಿನ ಸಲ ನೋಡೋಣ ಆವುಡೈ. ನೀವು ಅಕ್ಕನ ಹತ್ರ ಇರಿ, ಹೋಗಿ" ಎಂದರು.

"ಇಲ್ಲ ಸಾರ್. ಈಗ್ಲೇ ನೋಡ್ಬೇಕು." ಅವರ ಸ್ವರ ಏರಿರಲಿಲ್ಲ. "ಯಾರೂ ಕೂಗ್ಲಿಲ್ಲ ಅಂತ ಬರೆದಿದ್ದೇನೆ. ಅದು ನಿಜ. ನನ್ನ ಅಕ್ಕ ಕೂಗ್ಲಿಲ್ಲ. ನಮ್ಮ ಪರೀಕ್ಷೆಗೆ ಅವಳು ಹಾಗೆ ಉತ್ತರ ಕೊಟ್ಟಿದ್ದಾಳೆ. ಇನ್ನೂ ಯಾರ್ಯಾರು ಹಾಗೇ ಸುಮ್ನೆ ಕೂತಿದ್ದಾರೋ ನಂಗೆ ಗೊತ್ತಿಲ್ಲ. ಇಲ್ಲಿರೋ ಯಾರಿಗೂ ಗೊತ್ತಿಲ್ಲ. ಯಂತ್ರ ಹಚ್ಚಿ. ಇವತ್ತೇ."

ಒಬ್ಬ ಸದಸ್ಯರು ಮೆಲ್ಲಗೆ, "ಹಚ್ಚಬಹುದು ಸಾರ್. ಆದ್ರೆ ಒಂದು ಕೆಲಸಕ್ಕೆ ಒಂದೇ ಯಂತ್ರ ಅಂತ ನಾವೇ..." ಎಂದು ನಿಲ್ಲಿಸಿದರು.

"ವಿನಾಯಿತಿ ಅಂತ ಬರ್ಕೊಳ್ಳಿ."

ತತ್ತ್ವಕ್ಕೆ ವಿನಾಯಿತಿ ಕೊಟ್ಟರೆ ಅದು ಎಂದಿಗೆ ಮುಗಿಯುತ್ತದೆ ಎಂದು ದಿನ ಹಾಕಬೇಕು. ಇಲ್ಲದಿದ್ದರೆ ವಿನಾಯಿತಿಯೇ ಬೇರು ಬಿಟ್ಟು ಮನೆ ಒಡೆಯುತ್ತದೆ ಎಂದು ನಮಗೆಲ್ಲ ಕಲಿಸಿದವರು ಅವರೇ. ಇಸಕ್ಕಿ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದಳು. ಕೊನೆಗೆ ಕೇಳಲೇಬೇಕಾಗಿ ಕೇಳಿದಳು. "ಅಣ್ಣಾಚಿ, ಎಲ್ಲೀವರೆಗೆ ಅಂತ ಹಾಕ್ಲಿ?"

"ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೂ ಕೇಳಿ ಮುಗಿಯೋವರೆಗೆ."

"ದಿನಾಂಕ ಕೇಳುತ್ತೆ ಅಣ್ಣಾಚಿ, ಇದು."

"ಕೇಳ್ಲಿ ತಾಯಿ. ಖಾಲಿ ಬಿಡು."

ಕುತ್ತಾಲಿಂಗಂ ಸಹಿ ಹಾಕಿದರು. ಆ ದಿನವೇ ಹಳೆಯ ಯಂತ್ರ ಮತ್ತೆ ಊರೂರಿಗೆ ಫೋನು ಮಾಡಲು ಹತ್ತಿತು. ಸಂಜೆಯೊಳಗೆ ಆಸ್ಪತ್ರೆಯ ಬಾಗಿಲಲ್ಲಿ ರಕ್ತ ಕೊಡುವವರ ಸಾಲು ಬೆಳೆಯಿತು. ಅಷ್ಟು ದಿನ ಎಲ್ಲಿದ್ದರೋ! ಯಾರೂ ಜಗಳ ಕಾಯಲಿಲ್ಲ. ಒಬ್ಬ ಮುದುಕ ಮಾತ್ರ, "ನಿಮ್ಮಲ್ಲಿ ಕರೆಂಟ್ ಹೋಗಿತ್ತಾ ಸ್ವಾಮಿ?" ಎಂದು ವಿಚಾರಿಸಿದ.

ಪೇಚ್ಚಿಯಮ್ಮಾಳಿಗೆ ಆ ವಾರವೇ ಮತ್ತೊಂದು ಹೆಪ್ಪು ಏರಿತು. ಒಂದು ಮಧ್ಯಾಹ್ನ, ತಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಗ, ನುಂಗುವುದನ್ನು ನಿಲ್ಲಿಸಿದಳು. ಅವರು ಚಮಚವನ್ನು ಹಾಗೆಯೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಜೆಬಮಣಿ ಬಂದು ಅದನ್ನು ಕೈಯಿಂದ ತೆಗೆದುಕೊಂಡಳು.

ತಾಮಿರಭರಣಿಯ ದಡದಲ್ಲಿ ಅವಳನ್ನು ಸುಟ್ಟರು. ತಮ್ಮನೇ ಕೊಳ್ಳಿ ಇಟ್ಟರು. ಹದಿನಾರನೆಯ ದಿನದ ಊಟಕ್ಕೆ ಕಚೇರಿಯವರೆಲ್ಲ ಮುಕ್ಕೂಡಲಿಗೆ ಹೋಗಿದ್ದೆವು. ತೆಂಗಿನ ಹಾಲಿನ ಸಾರು, ಸೊದಿ, ಮಾಡಿದ್ದರು. ಎದುರು ಮನೆಯವನು ಬಡಿಸುತ್ತಿದ್ದ. ಎಲೆಯ ಮುಂದೆ ಕೂತ ಆವುಡೈಯಪ್ಪನ್ನರಿಗೆ ಬಡಿಸಲು ಬಂದವನು ಸೌಟನ್ನು ಪಾತ್ರೆಯಲ್ಲೇ ಇಟ್ಟ. "ಕೆಣಕೋಕೂ ಜನ ಇಲ್ದಂಗಾಯ್ತು ಬೀದೀಲಿ" ಎಂದ.

ಯಾರೂ ಅವರನ್ನು ದೂರಲಿಲ್ಲ. ಆಸ್ಪತ್ರೆಯವರು ಅವರ ಹುದ್ದೆಗೆ ಕೈ ಹಚ್ಚಲಿಲ್ಲ. ದೂರಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಕೆಲಸಕ್ಕೆ ಮರಳಿದ ದಿನ ಅವರು ಗೋಡೆಯ ತತ್ತ್ವಗಳಲ್ಲಿ ಯಾವುದನ್ನೂ ಅಳಿಸಲಿಲ್ಲ. ಎಲ್ಲವೂ ಸರಿಯಾಗಿಯೇ ಇವೆ ಎಂದರು. ಒಂದೊಂದರ ಕೆಳಗೂ ಇದ್ದ ಕಷ್ಟದ ಜಾಗವನ್ನು ಮಾತ್ರ ಒಂದೊಂದಾಗಿ ಓದಿದರು. ಎಲ್ಲ ಕಡೆಯೂ ಸಿಬ್ಬಂದಿಯ ಕಷ್ಟ, ಯಂತ್ರದ ಕಷ್ಟ, ಖರ್ಚಿನ ಕಷ್ಟ. "ಇಲ್ಲಿ ಒಬ್ಬ ರೋಗಿಯೂ ಇಲ್ಲ ನೋಡಿ" ಎಂದರು ನನ್ನ ಕಡೆ ತಿರುಗಿ.

ಆಮೇಲೆ ಅವರು ಮನೆಮನೆಗೆ ಹೊರಟರು. ಜೊತೆಗೆ ಇಸಕ್ಕಿ, ನಾನು. ಕೂಗುಪರೀಕ್ಷೆ ಅಲ್ಲಿಗೆ ನಿಂತಿತು. ಹೃದಯ ವಿಭಾಗದ ಒಬ್ಬೊಬ್ಬ ರೋಗಿಯ ಮನೆಗೂ ಹೋಗಿ, ನಿಮಗೆ ಮಾತಿನಲ್ಲಿ ಹೇಳಬೇಕೋ ಅಕ್ಷರದಲ್ಲಿ ಹೇಳಬೇಕೋ ಎಂದು ಕೇಳಿ ತಿಳಿಯುವುದು. ಅದಕ್ಕೆ ನಕ್ಷೆಯಲ್ಲಿ ಈಗ ಒಂದು ಮನೆ ಮಾಡಿದ್ದೆವು.

ಮೊದಲು ಹೋದದ್ದು ಆಲಂಗುಳದ ಕಡೆ. ಹೆಂಚಿನ ಮನೆಯ ಜಗುಲಿಯಲ್ಲಿ ಪೇಚ್ಚಿಯಮ್ಮಾಳ ವಯಸ್ಸಿನ ಹೆಂಗಸೊಬ್ಬಳು ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಆಸ್ಪತ್ರೆಯವರು ಎಂದಕೂಡಲೇ ಎದ್ದು ಸೆರಗು ಸರಿಮಾಡಿಕೊಂಡಳು.

"ಬನ್ನಿ ಬನ್ನಿ, ಕೂತ್ಕೊಳ್ಳಿ. ನಾನೇನು ತಪ್ಪು ಮಾಡಿದ್ನಾ? ಮಾತ್ರೆ ಸರಿಯಾಗೇ ನುಂಗ್ತಿದ್ದೀನಿ."

"ತಪ್ಪೇನಿಲ್ಲ ಅಮ್ಮಾ" ಎಂದಳು ಇಸಕ್ಕಿ. "ಒಂದು ವಿಷ್ಯ ಕೇಳಿ ಹೋಗೋಣ ಅಂತ ಬಂದ್ವಿ. ನಿಮಗೆ ಓದೋಕೆ ಬರುತ್ತಾ?"

ಹೆಂಗಸಿನ ಮುಖ ಬಿಗಿದುಕೊಂಡಿತು. ಹೊಸಿಲಲ್ಲಿ ಸೊಸೆ ನಿಂತಿದ್ದಳು, ಆಚೆ ಬೇಲಿಯ ಹತ್ತಿರ ಪಕ್ಕದ ಮನೆಯವರು ಇಣುಕುತ್ತಿದ್ದರು. "ಯಾಕ್ ಬರಲ್ಲ? ಎಲ್ಲಾ ಬರುತ್ತೆ" ಎಂದಳು. "ಸಹಿ ಹಾಕ್ತೀನಿ ನಾನು."

ಇಸಕ್ಕಿ ನಮ್ಮನ್ನು ನೋಡಿದಳು. ಕೇಳಬೇಕಾದದ್ದು ಕೇಳಿಯಾಗಿತ್ತು, ಉತ್ತರವೂ ಬಂದಿತ್ತು. ಬರೆದುಕೊಂಡು ಮುಂದಿನ ಮನೆಗೆ ನಡೆಯುವುದಷ್ಟೇ ಉಳಿದಿತ್ತು.

ಆವುಡೈಯಪ್ಪನ್ ಜಗುಲಿಯ ಮೇಲೆ, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಹುಣಸೆಯ ಮೊರವನ್ನು ತಮ್ಮ ಕಡೆ ಎಳೆದುಕೊಂಡು ಒಂದು ಹಣ್ಣು ಬಿಡಿಸಿದರು. ಕೈಗೆ ಅಂಟಿದ್ದನ್ನು ನೋಡುತ್ತ, "ನನ್ನ ಅಕ್ಕನಿಗೆ ಬರ್ತಿರ್ಲಿಲ್ಲ ಅಮ್ಮಾ" ಎಂದರು. "ಗೊತ್ತಿದ್ದೂ ನಾನು ಕೇಳ್ಲೇ ಇಲ್ಲ."

ಹೆಂಗಸು ಅವರನ್ನು ನೋಡಿದಳು, ಅವರ ಬೋಳಿಸಿದ ತಲೆಯನ್ನು ನೋಡಿದಳು. ಸೊಸೆಗೆ ಒಳಗೆ ಹೋಗಿ ನೀರು ತರುವಂತೆ ಹೇಳಿದಳು. ಸೊಸೆ ಹೋದ ಮೇಲೆ, ಅವರು ಬಿಡಿಸಿಟ್ಟ ಹಣ್ಣನ್ನು ಕೈಗೆ ತೆಗೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು.

"ನಂಗೂ ಬರಲ್ಲ ಅಯ್ಯಾ."